ನೆತ್ತಿ ಒಣಗಿದರೆ ಬುಡ ನೋಡಿ: ಬಡಾವಣೆಯ ಹಳೆ ಮರಗಳ ದೋಷ ನಿವಾರಣೆ ಕೈಪಿಡಿ

ಬಡಾವಣೆ ಹೊಸದಾಗಿದ್ದಾಗ ಸಾಲಾಗಿ ನೆಟ್ಟ ಮರಗಳು ಒಟ್ಟಿಗೇ ಬೆಳೆದು ಒಟ್ಟಿಗೇ ಮುದಿಯಾಗುತ್ತವೆ. ನಾಲ್ಕೈದು ದಶಕ ಕಳೆದ ಮೇಲೆ ದೂರುಗಳೂ ಒಟ್ಟಿಗೇ ಶುರುವಾಗುತ್ತವೆ: ಎಲೆ ಹಳದಿ ತಿರುಗಿದೆ, ತುದಿ ಒಣಗಿದೆ, ಗಾಳಿಯೇ ಇಲ್ಲದ ಮಧ್ಯಾಹ್ನ ಕೊಂಬೆ ಬಿತ್ತು. ದೂರು ಯಾವಾಗಲೂ ಮೇಲಿನ ಭಾಗದ್ದು. ಕಾರಣ ಮಾತ್ರ ಹೆಚ್ಚಿನ ಸಲ ನೆಲದಡಿ ಇರುತ್ತದೆ, ಅದೂ ಹಳೆಯದು. ಚರಂಡಿ ತೋಡುವಾಗ ಒಂದು ಬದಿಯ ಬೇರು ಕಡಿದರೆ ಮರ ಮರುದಿನವೇ ಬಾಡುವುದಿಲ್ಲ. ಕೂಡಿಟ್ಟ ಪಿಷ್ಟದಲ್ಲಿ ಮೂರೋ ಐದೋ ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಾಲ ತಳ್ಳಿ ಆಮೇಲೆ ನೆತ್ತಿಯಿಂದ ಸೊರಗುತ್ತದೆ. ಅಷ್ಟರಲ್ಲಿ ಚರಂಡಿ ಕೆಲಸ ಎಲ್ಲರಿಗೂ ಮರೆತಿರುತ್ತದೆ, ಎಲೆಗೆ ಔಷಧಿ ಹೊಡೆಯುವುದು ಶುರುವಾಗಿರುತ್ತದೆ.

ಹಾಗಾಗಿ ಪರೀಕ್ಷೆ ಬುಡದಿಂದ ಮೇಲಕ್ಕೆ ಹೋಗಬೇಕು. ಮರವನ್ನು ಮುಟ್ಟುವ ಮೊದಲು ಅಕ್ಕಪಕ್ಕದವರನ್ನು ಕೇಳಿ: ಕಳೆದ ಹತ್ತು ವರ್ಷದಲ್ಲಿ ಇಲ್ಲಿ ಏನೇನು ಅಗೆದಿದ್ದಾರೆ, ಎಲ್ಲಿ ಮಣ್ಣು ತುಂಬಿಸಿದ್ದಾರೆ, ಯಾವಾಗ ಟೈಲ್ಸ್ ಹಾಕಿದ್ದಾರೆ, ಕಾರು ಎಲ್ಲಿ ನಿಲ್ಲಿಸುತ್ತಾರೆ? ಅರ್ಧ ರೋಗ ಈ ಉತ್ತರಗಳಲ್ಲೇ ಸಿಗುತ್ತದೆ.

ಬೇಕಾದ ಸಾಮಾನು ಕಡಿಮೆ. 8 ಮಿ.ಮೀ. ದಪ್ಪದ, 60 ಸೆಂ.ಮೀ. ಉದ್ದದ ಕಬ್ಬಿಣದ ಸರಳು, ಮರದ ಕೊಡತಿ, ಕೈಸಲಿಕೆ, ಅಳತೆ ಟೇಪು, ಚಿಕ್ಕ ಚಾಕು, ಗಾರೆ ಕೆಲಸದವರ ತೂಗುಗುಂಡು, ಮೇಲಿನ ಕೊಂಬೆ ನೋಡಲು ದುರ್ಬೀನು. ಮೊದಲು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ. ಅದು ಕಾಂಡದ ವ್ಯಾಸ. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೆ ನಿಂತಿವೆ. ಇಲ್ಲಿ ಉದಾಹರಣೆಗೆ 190 ಸೆಂ.ಮೀ. ಸುತ್ತಳತೆಯ ಮರವನ್ನು ಇಟ್ಟುಕೊಳ್ಳೋಣ. ಅದರ ವ್ಯಾಸ ಸುಮಾರು 60 ಸೆಂ.ಮೀ.

ಮೊದಲು ಅಪಾಯದ ಚಿಹ್ನೆ

ಇವುಗಳಲ್ಲಿ ಒಂದು ಕಂಡರೂ ಕೈಪಿಡಿ ಮಡಚಿಟ್ಟು ಮರದಡಿಯಿಂದ ಜನರನ್ನೂ ವಾಹನಗಳನ್ನೂ ದೂರ ಮಾಡಿ, ಮರ ಹತ್ತಿ ಪಳಗಿದ ತಜ್ಞರನ್ನು ಕರೆಸಿ:

- ಮರ ಹೊಸದಾಗಿ ವಾಲಿದೆ, ವಾಲಿದ ದಿಕ್ಕಿಗೆ ಎದುರು ಬದಿಯಲ್ಲಿ ನೆಲ ಉಬ್ಬಿದೆ ಅಥವಾ ಕಮಾನಿನಂತೆ ಬಿರುಕು ಬಿಟ್ಟಿದೆ.
- ಕವಲಿನಲ್ಲಿ ಬಿರುಕು ಇದೆ, ಗಾಳಿಗೆ ಅದು ತೆರೆದು ಮುಚ್ಚುತ್ತಿದೆ.
- ಕಾಂಡದ ಎರಡು ಎದುರು ಬದಿಗಳಲ್ಲಿ ಒಂದೇ ಮಟ್ಟದಲ್ಲಿ ಉದ್ದ ಸೀಳು ಕಾಣುತ್ತಿದೆ.
- ಮುರಿದ ಕೊಂಬೆ ಮೇಲೆ ಸಿಕ್ಕಿಕೊಂಡು ತೂಗುತ್ತಿದೆ.
- ಕೊಂಬೆ ವಿದ್ಯುತ್ ತಂತಿಗೆ ತಾಗಿದೆ ಅಥವಾ ತಾಗುವಷ್ಟು ಹತ್ತಿರವಿದೆ. ಇದಕ್ಕೆ ವಿದ್ಯುತ್ ಸರಬರಾಜಿನವರೇ ಬರಬೇಕು. ಏಣಿ ಹಾಕಬೇಡಿ, ದೋಟಿಯನ್ನೂ ಮೇಲೆತ್ತಬೇಡಿ.

ವಾಲಿದ ಮರವೆಲ್ಲ ಬೀಳುವ ಮರವಲ್ಲ. ಎಳೆಯದರಲ್ಲೇ ಬೆಳಕಿಗಾಗಿ ಬಾಗಿದ ಮರ ಆಮೇಲೆ ತನ್ನನ್ನು ತಿದ್ದಿಕೊಳ್ಳುತ್ತದೆ: ಬುಡ ಓರೆಯಾಗಿದ್ದರೂ ಮೇಲಿನ ಕಾಂಡ ನೆಟ್ಟಗೆ ತಿರುಗಿರುತ್ತದೆ. ಬುಡದಿಂದ ನೆತ್ತಿಯವರೆಗೆ ಸರಳ ಗೆರೆಯಂತೆ ವಾಲಿದ್ದರೆ ಬೇರು ಸಡಿಲಿದೆ ಎಂಬ ಅನುಮಾನ ಬರಬೇಕು. ಸಂದೇಹವಿದ್ದರೆ ಕಾಂಡದ ಮೇಲೆ 2 ಮೀಟರ್ ಎತ್ತರದಲ್ಲಿ ಒಂದು ಗುರುತು ಹಾಕಿ, ಅಲ್ಲಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವ ಜಾಗದಲ್ಲಿ ಗೂಟ ಹೊಡೆಯಿರಿ. ತಿಂಗಳಿಗೊಮ್ಮೆ ಮತ್ತು ಪ್ರತಿ ಬಿರುಗಾಳಿಯ ನಂತರ ಮತ್ತೆ ನೋಡಿ. ಗುಂಡು ಗೂಟದಿಂದ ಸರಿದಿದ್ದರೆ ಮರ ಚಲಿಸುತ್ತಿದೆ ಎಂದೇ ಅರ್ಥ.

ಲಕ್ಷಣ: ನೆತ್ತಿ ಒಣಗುತ್ತಿದೆ, ಎಲೆ ಚಿಕ್ಕದಾಗಿ ವಿರಳವಾಗಿದೆ

ಮರದ ಎಲೆ ಉದುರುವ ಕಾಲವೇ ಇದು ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಬೋಳಾದ ಆರೋಗ್ಯವಂತ ಮರವನ್ನು ಸತ್ತಿತೆಂದು ಕಡಿದದ್ದುಂಟು. ಕೈಗೆಟುಕುವ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಕೆಳಗೆ ಹಸಿರು, ತೇವ ಇದ್ದರೆ ರೆಂಬೆ ಬದುಕಿದೆ. ಕಂದು ಬಣ್ಣ, ಒಣಕಲು ಇದ್ದರೆ ಇಲ್ಲ.

ಒಣಗಿದ್ದು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಅಲ್ಲೊಂದು ಇಲ್ಲೊಂದು ಒಳರೆಂಬೆ ಒಣಗುವುದು ನೆರಳಿನಿಂದ, ಅದು ದೋಷವಲ್ಲ. ಒಂದೇ ಕೊಂಬೆ ಪೂರ್ತಿ ಒಣಗಿದ್ದರೆ ಆ ಕೊಂಬೆಯ ಬುಡದಲ್ಲೇ ಗಾಯ, ಕೊರೆಹುಳು ಅಥವಾ ಬಿಗಿದ ತಂತಿ ಹುಡುಕಿ. ಒಂದು ಬದಿ ಮಾತ್ರ ಒಣಗಿದ್ದರೆ ಅದೇ ಬದಿಯ ನೆಲ ನೋಡಿ. ಅಲ್ಲಿ ಕಾಂಪೌಂಡ್ ಪಾಯ, ಪೈಪ್‌ಲೈನ್ ಅಥವಾ ಹೊಸ ಡಾಂಬರು ಇರುವ ಸಾಧ್ಯತೆ ಹೆಚ್ಚು. ಸುತ್ತಲೂ ತುದಿಗಳೇ ಒಣಗುತ್ತಾ ಎಲೆ ಕಿರಿದಾಗುತ್ತಿದ್ದರೆ ಇಡೀ ಬೇರಿನ ವಲಯವೇ ಕಷ್ಟದಲ್ಲಿದೆ. ಆಗ ಎರಡು ಪರೀಕ್ಷೆ ಬೇಕು: ಬುಡದ್ದು, ಮಣ್ಣಿನದ್ದು.

ಬುಡದ ಪರೀಕ್ಷೆ

ಆರೋಗ್ಯವಾದ ಮರದ ಬುಡ ನೆಲ ಮುಟ್ಟುವಲ್ಲಿ ಅಗಲವಾಗಿ ಹರಡಿ, ದೊಡ್ಡ ಬೇರುಗಳು ಹೊರಡುವ ಉಬ್ಬು ಕಣ್ಣಿಗೆ ಕಾಣಬೇಕು. ಕಾಂಡ ಕಂಬದಂತೆ ನೇರವಾಗಿ ಮಣ್ಣಿಗೆ ಇಳಿದಿದ್ದರೆ ಬುಡ ಹೂತಿದೆ. ಸುತ್ತ ಕಟ್ಟೆ ಕಟ್ಟಿ ಮಣ್ಣು ತುಂಬಿದಲ್ಲಿ, ರಸ್ತೆಯ ಮಟ್ಟ ಏರಿಸಿದಲ್ಲಿ, ಹುಲ್ಲುಹಾಸಿಗೆ ಹೊಸ ಮಣ್ಣು ಹಾಸಿದಲ್ಲಿ ಇದು ಸಾಮಾನ್ಯ. ಕಾಂಡದ ತೊಗಟೆ ಗಾಳಿಗೆ ಒಗ್ಗಿದ್ದು, ಸದಾ ಒದ್ದೆ ಮಣ್ಣಿನಲ್ಲಿದ್ದರೆ ಕೊಳೆಯುತ್ತದೆ. ಜೊತೆಗೆ ಬೇರಿನ ಮೇಲಿನ ದಪ್ಪ ಪದರ ಉಸಿರಾಟಕ್ಕೆ ಅಡ್ಡ, 10-15 ಸೆಂ.ಮೀ. ಹೊಸ ಮಣ್ಣೂ ಕೆಲವು ಜಾತಿಗಳಿಗೆ ಸಾಕು, ಬೇರು ಸಾಯತೊಡಗುತ್ತದೆ.

ಬುಡ ಬಿಡಿಸುವ ಕ್ರಮ ಹೀಗೆ. ಹಿಂದಿನ ದಿನ ಮಣ್ಣನ್ನು ನೆನೆಸಿ. ಕಾಂಡಕ್ಕೆ ಒತ್ತಿಕೊಂಡು ಶುರುಮಾಡಿ, ಕೈಸಲಿಕೆಯಲ್ಲಿ ಹೊರಗಿನ ಕಡೆಗೆ ಮಣ್ಣು ತೆಗೆಯುತ್ತಾ ಬನ್ನಿ. ಹಾರೆ, ಗುದ್ದಲಿ, ಜೆಸಿಬಿ ಯಾವುದೂ ಬೇಡ. ಮೊದಲು ಸಿಗುವುದು ಕೂದಲಿನಂಥ, ಪೆನ್ಸಿಲ್ ದಪ್ಪದ ಬೇರುಗಳು. ಹೂತ ಕಾಂಡವೇ ಹುಟ್ಟಿಸಿಕೊಂಡವು ಇವು, ಕತ್ತರಿಸಬಹುದು. ಕೈಮುಷ್ಟಿಗಿಂತ ದಪ್ಪ ಬೇರು ಕಾಂಡದಿಂದ ಹೊರಟು ಅಡ್ಡ ಹೋಗುವುದು ಕಂಡಾಗ ನಿಲ್ಲಿಸಿ: ಅದೇ ಮೂಲ ಮಟ್ಟ. ಅಲ್ಲಿಂದ ಸುತ್ತಲೂ 60ರಿಂದ 90 ಸೆಂ.ಮೀ. ದೂರದವರೆಗೆ ಮಣ್ಣನ್ನು ಇಳಿಜಾರಾಗಿ ಬಿಡಿಸಿ, ನೀರು ನಿಲ್ಲದಂತೆ ಒಂದು ಕಡೆ ದಾರಿ ಮಾಡಿ. ಬಿಸಿಲು ಸುಡುವ ತಿಂಗಳಲ್ಲಿ ಈ ಕೆಲಸ ಬೇಡ. ತುಂಬಿಸಿದ ಮಣ್ಣು 20 ಸೆಂ.ಮೀ.ಗಿಂತ ಆಳವಿದ್ದರೆ ಒಂದೇ ದಿನ ತೆಗೆಯದೆ ಎರಡು ಮೂರು ಕಂತಿನಲ್ಲಿ ತೆಗೆಯಿರಿ.

ಬಿಡಿಸಿದಾಗ ಬೇರೊಂದು ತೊಂದರೆ ಕಾಣಿಸಬಹುದು: ಮರದ್ದೇ ಬೇರು ಕಾಂಡವನ್ನು ಅಡ್ಡ ಸುತ್ತಿ ಬಿಗಿದಿರುತ್ತದೆ. ಕುಂಡದಲ್ಲಿ ಬಹಳ ದಿನ ಇದ್ದ ಸಸಿ ನೆಟ್ಟದ್ದಾದರೆ, ಚಿಕ್ಕ ಕಾಂಕ್ರೀಟ್ ಚೌಕದಲ್ಲಿ ಬೆಳೆದಿದ್ದರೆ ಹೀಗಾಗುತ್ತದೆ. ಬಿಗಿದ ಬದಿಯಲ್ಲಿ ಬುಡ ಚಪ್ಪಟೆಯಾಗಿರುವುದು ಗುರುತು. ಹೆಬ್ಬೆರಳಿನ ದಪ್ಪದ ಬೇರನ್ನು ಉಳಿ-ಕೊಡತಿಯಿಂದ ಎರಡೂ ಕಡೆ ಕತ್ತರಿಸಿ ತುಂಡನ್ನು ಎತ್ತಿ. ಗರಗಸ ಬೇಡ, ಅದು ಕಾಂಡದ ತೊಗಟೆಯನ್ನೂ ತಿನ್ನುತ್ತದೆ. ತುಂಡು ಕಾಂಡದೊಳಗೆ ಹುದುಗಿದ್ದರೆ ಕೀಳಬೇಡಿ, ಕತ್ತರಿಸಿ ಅಲ್ಲೇ ಬಿಡಿ, ತಾನಾಗಿ ಕೊಳೆಯುತ್ತದೆ. ಮಣಿಕಟ್ಟಿಗಿಂತ ದಪ್ಪದ ಸುತ್ತುಬೇರು ಹಲವು ಇದ್ದರೆ ವರ್ಷಕ್ಕೆ ಒಂದರಂತೆ ಮಾತ್ರ. ಬಿಗಿದಿರುವ ಬೇರೇ ಮರವನ್ನು ಹಿಡಿದು ನಿಲ್ಲಿಸಿರುವ ಸಾಧ್ಯತೆ ಇದೆ, ಆ ತೀರ್ಮಾನ ತಜ್ಞರದ್ದು.

ಬುಡದ ಸುತ್ತ ಹುಲ್ಲು ಕತ್ತರಿಸುವ ಯಂತ್ರದ ದಾರ ತಾಗಿದ ಗಾಯವನ್ನೂ ಇಲ್ಲೇ ನೋಡಿ. ವರ್ಷಾನುಗಟ್ಟಲೆ ಅದೇ ಜಾಗಕ್ಕೆ ಹೊಡೆತ ಬಿದ್ದರೆ ತೊಗಟೆ ಸುತ್ತಲೂ ಹೋಗಿ ಎಲೆಯ ಆಹಾರ ಬೇರಿಗೆ ಇಳಿಯುವುದೇ ನಿಲ್ಲುತ್ತದೆ. ಪರಿಹಾರ ಸುಲಭ: ಬುಡದ ಹತ್ತಿರ ಹುಲ್ಲೇ ಇರಬಾರದು.

ಮಣ್ಣಿನ ಪರೀಕ್ಷೆ

ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30ರಿಂದ 60 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ, ಹಾಗೂ ಕೊಂಬೆಗಳ ಹರವನ್ನು ದಾಟಿ ಬಹಳ ದೂರ ಹೋಗಿರುತ್ತವೆ. ಮಳೆ ಬಂದ ಎರಡು ದಿನದ ಮೇಲೆ ಸರಳನ್ನು ಕೈಬಲದಿಂದ ಒತ್ತಿ. 15 ಸೆಂ.ಮೀ. ಸಲೀಸಾಗಿ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿದೆ. ಎಂಟು ಹತ್ತು ಕಡೆ ಚುಚ್ಚಿ ನೋಡಿ; ಕಾರು ನಿಲ್ಲುವ ಬದಿ ಮತ್ತು ಹೂವಿನ ಪಾತಿ ಇರುವ ಬದಿಗೆ ವ್ಯತ್ಯಾಸ ಎಷ್ಟಿದೆ ಎಂಬುದು ಕೈಗೇ ಗೊತ್ತಾಗುತ್ತದೆ.

ನೀರು ಬಸಿಯುವುದನ್ನು ನೋಡಲು 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಎರಡನೇ ಸಲ ತುಂಬಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ. ಅಥವಾ ಹೆಚ್ಚು ಇಳಿದರೆ ಪರವಾಗಿಲ್ಲ. 1 ಸೆಂ.ಮೀ. ಕೂಡ ಇಳಿಯದಿದ್ದರೆ ಬೇರಿಗೆ ಉಸಿರುಕಟ್ಟುತ್ತಿದೆ, ಅಂಥ ಮರಕ್ಕೆ ಇನ್ನಷ್ಟು ನೀರು ಹಾಕುವುದೇ ಕೊಲ್ಲುವ ದಾರಿ. ಎಲೆ ಬಾಡಿದೆ ಎಂದು ನೀರು ಬಿಡುವ ಮೊದಲು ಈ ಗುಂಡಿಯನ್ನು ತಪ್ಪದೆ ತೋಡಿ. ನೀರು ಕಡಿಮೆಯಾದಾಗಲೂ ಹೆಚ್ಚಾದಾಗಲೂ ಎಲೆ ಬಾಡುವುದು ಒಂದೇ ರೀತಿ.

ಗಟ್ಟಿ ಮಣ್ಣಿಗೆ ಅಗ್ಗದ, ನಿಧಾನದ, ಆದರೆ ನಂಬಬಹುದಾದ ಮದ್ದು ಮುಚ್ಚಿಗೆ: ತರಗೆಲೆ, ಚೂರು ಮಾಡಿದ ರೆಂಬೆ, ಅರ್ಧ ಕೊಳೆತ ಗೊಬ್ಬರ. ದಪ್ಪ 5ರಿಂದ 10 ಸೆಂ.ಮೀ., ಅಗಲ ಸಾಧ್ಯವಾದಷ್ಟು, ಕಾಂಡದಿಂದ 15 ಸೆಂ.ಮೀ. ಬಿಟ್ಟು. ಕಾಂಡಕ್ಕೆ ರಾಶಿ ಒತ್ತಿದರೆ ಈಗಷ್ಟೇ ಬಿಡಿಸಿದ ಬುಡವನ್ನು ಮತ್ತೆ ಹೂತಂತೆ. ಬೇಗ ಫಲ ಬೇಕೆಂದರೆ 5 ಸೆಂ.ಮೀ. ಅಗಲದ, 30-45 ಸೆಂ.ಮೀ. ಆಳದ ತೂತುಗಳನ್ನು 60 ಸೆಂ.ಮೀ.ಗೊಂದರಂತೆ ಕೊರೆದು ಕಾಂಪೋಸ್ಟ್ ತುಂಬಬಹುದು. ಆದರೆ ಕಾಂಡದ ವ್ಯಾಸದ ಮೂರು ಪಟ್ಟು ದೂರದೊಳಗೆ ಕೊರೆಯಬೇಡಿ. ನಮ್ಮ ಉದಾಹರಣೆಯ ಮರಕ್ಕೆ ಅದು 1.8 ಮೀಟರ್. ದಪ್ಪ ಬೇರು ಸಿಕ್ಕಿದರೆ ತೂತನ್ನು ಪಕ್ಕಕ್ಕೆ ಸರಿಸಿ.

ಒಣ ಹವೆ ಬಹಳ ದಿನ ಮುಂದುವರಿದಾಗ ಹಳೆ ಮರಕ್ಕೂ ನೀರು ಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ವ್ಯಾಸದ ಪ್ರತಿ ಸೆಂ.ಮೀ.ಗೆ ಸುಮಾರು 15 ಲೀಟರ್ ಎಂಬುದು ಸ್ಥೂಲ ಲೆಕ್ಕ. 60 ಸೆಂ.ಮೀ. ಮರಕ್ಕೆ ಒಂದು ಸಲಕ್ಕೆ 900 ಲೀಟರ್ ಆಯಿತು. ಬುಡಕ್ಕಲ್ಲ, ಕೊಂಬೆಯ ಹರವಿನ ಅಂಚಿನ ಕಡೆಗೆ, ಕೊಳವೆಯನ್ನು ಸಣ್ಣಗೆ ಬಿಟ್ಟು ಜಾಗ ಬದಲಿಸುತ್ತಾ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಸರಳು 30 ಸೆಂ.ಮೀ. ಇಳಿದರೆ ನೀರು ತಲುಪಿದೆ. ಹುಲ್ಲಿಗೆಂದು ದಿನಾ ಹತ್ತು ನಿಮಿಷ ಚಿಮ್ಮುವ ತುಂತುರು ಮರದ ಬೇರಿಗೆ ಇಳಿಯುವುದೇ ಇಲ್ಲ, ಕಾಂಡವನ್ನು ಮಾತ್ರ ಒದ್ದೆ ಮಾಡುತ್ತದೆ.

ಸೊರಗಿದ ಮುದಿ ಮರಕ್ಕೆ ಯೂರಿಯಾ ಸುರಿಯುವುದು ಬೇಡ. ಸಾರಜನಕ ಎಳೆ ಚಿಗುರನ್ನು ಒತ್ತಾಯದಿಂದ ಹೊರಡಿಸುತ್ತದೆ, ಆ ಚಿಗುರಿಗೆ ಬೇಕಾದ ನೀರು ಕೊಡಲು ಬೇರೇ ಇರುವುದಿಲ್ಲ. ಮಣ್ಣು ಪರೀಕ್ಷೆ ಕೊರತೆ ತೋರಿಸಿದರೆ ಮಾತ್ರ ಗೊಬ್ಬರ.

ಎಲೆಯ ಬಣ್ಣ

ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದ ಅಥವಾ ಮ್ಯಾಂಗನೀಸಿನ ಕೊರತೆ. ಬಡಾವಣೆಯಲ್ಲಿ ಇದರ ಹಿಂದೆ ಬಹುತೇಕ ಸಿಮೆಂಟು ಇರುತ್ತದೆ. ಮನೆ ಕಟ್ಟಿದಾಗಿನ ಗಾರೆ ಅವಶೇಷ ಮಣ್ಣಿನ ಕ್ಷಾರ ಏರಿಸಿ ಕಬ್ಬಿಣವನ್ನು ಕರಗದಂತೆ ಮಾಡುತ್ತದೆ. ಅಂಥ ಮಣ್ಣಿಗೆ ಫೆರಸ್ ಸಲ್ಫೇಟ್ ಹಾಕಿದರೆ ಅದೂ ಬೇಗನೆ ಬಂಧಿಯಾಗುತ್ತದೆ. ಇಡಿಡಿಎಚ್‌ಎ ಕೀಲೇಟ್ (ಕಬ್ಬಿಣವನ್ನು ಕರಗಿದಂತೆಯೇ ಹಿಡಿದಿಡುವ ಸಂಯುಕ್ತ) ರೂಪದ ಕಬ್ಬಿಣ ಬಂಧಿಯಾಗದೆ ಬೇರಿಗೆ ಸಿಗುತ್ತದೆ. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕ ಅಥವಾ ಮೆಗ್ನೀಸಿಯಂ ಕಡೆ ನೋಡಿ. ಎಲೆಯ ಅಂಚು ಸುಟ್ಟಂತಿದ್ದರೆ ನೀರಿನ ಕೊರತೆ, ಉಪ್ಪು ನೀರು ಅಥವಾ ಬೇರು ಹಾನಿ.

ಲಕ್ಷಣ: ಕಾಂಡ ಟೊಳ್ಳು, ಅಣಬೆ, ಸೋರಿಕೆ

ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ. ಹಾಳಾದ ಭಾಗದ ಸುತ್ತ ಮರ ರಾಸಾಯನಿಕ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ, ಹೊರಗೆ ಹೊಸ ಮರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಹಳೆಯ ಚಿಕಿತ್ಸೆಗಳೆಲ್ಲ ತಲೆಕೆಳಗಾದವು. ಪೊಟರೆಗೆ ಸಿಮೆಂಟು ತುಂಬುವುದು, ಒಳಗೆ ಕೆತ್ತಿ ಶುಚಿ ಮಾಡುವುದು, ನೀರು ಹೋಗಲೆಂದು ಕೊಳವೆ ತೂರಿಸುವುದು, ಕಡಿದ ಜಾಗಕ್ಕೆ ಡಾಂಬರು ಅಥವಾ ಪೇಂಟ್ ಬಳಿಯುವುದು ಇವು ಯಾವುವೂ ಬೇಡ. ಕೆತ್ತಿದರೆ, ಕೊರೆದರೆ ಮರ ಕಟ್ಟಿದ ಗೋಡೆಯೇ ಒಡೆದು ಕೊಳೆ ಹಸಿ ಮರಕ್ಕೆ ದಾಟುತ್ತದೆ. ಸಿಮೆಂಟು ಗಟ್ಟಿ, ಮರ ಗಾಳಿಗೆ ಬಾಗುವಂಥದ್ದು, ಅವೆರಡೂ ಉಜ್ಜಿಕೊಂಡು ಗಾಯ ಬೆಳೆಯುತ್ತದೆ.

ಟೊಳ್ಳಾಗಿರುವುದೇ ದೋಷವಲ್ಲ, ಉಳಿದ ಗೋಡೆ ಎಷ್ಟು ದಪ್ಪ ಎಂಬುದು ಪ್ರಶ್ನೆ. ಕೊಡತಿಯಿಂದ ಕಾಂಡವನ್ನು ಸುತ್ತಲೂ 20 ಸೆಂ.ಮೀ. ಅಂತರದಲ್ಲಿ ತಟ್ಟಿ. ಗಟ್ಟಿ ಮರ ಚುರುಕಾದ ಸದ್ದು ಕೊಡುತ್ತದೆ, ಟೊಳ್ಳು ಭಾರವಾಗಿ ಡಬ್ ಎನ್ನುತ್ತದೆ. ಸಡಿಲ ತೊಗಟೆಯೂ ಹಾಗೇ ಸದ್ದು ಮಾಡುವುದರಿಂದ ಎರಡು ಮೂರು ಬಾರಿ ಪಕ್ಕದಲ್ಲೂ ತಟ್ಟಿ ಹೋಲಿಸಿ. ಸದ್ದು ಬದಲಾಗುವ ಅಂಚನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ ಚಿತ್ರ ತೆಗೆದಿಡಿ. ಮುಂದಿನ ವರ್ಷ ಹೋಲಿಸಲು ಅದೇ ದಾಖಲೆ. ಮರಗಳ ಬಲವನ್ನು ಅಧ್ಯಯನ ಮಾಡಿದ ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಟೆಕ್ ಕೊಟ್ಟ ಒರಟು ಅಳತೆ: ಗಟ್ಟಿ ಗೋಡೆ ತ್ರಿಜ್ಯದ ಮೂರನೇ ಒಂದರಷ್ಟಾದರೂ ಇರಬೇಕು. 60 ಸೆಂ.ಮೀ. ಮರದ ತ್ರಿಜ್ಯ 30, ಗೋಡೆ 10 ಸೆಂ.ಮೀ. ಬೇಕು. ಪೊಟರೆಯ ಬಾಯಿ ಅಗಲವಾಗಿದ್ದರೆ, ಬಿರುಕಿದ್ದರೆ, ಮರ ವಾಲಿದ್ದರೆ ಈ ಲೆಕ್ಕ ನಂಬಬೇಡಿ. ಗಡಿಯಲ್ಲಿರುವ ಮರಕ್ಕೆ ಸೂಜಿ ಕೊರೆತದ ಯಂತ್ರ ಅಥವಾ ಶಬ್ದ ತರಂಗದ ಪರೀಕ್ಷೆ ಮಾಡಿಸುವುದು ವಾಸಿ.

ಬುಡದಲ್ಲಿ ಹಲಗೆಯಂತೆ ಚಾಚಿದ, ಮೇಲೆ ಕಂದು, ಕೆಳಗೆ ಬಿಳಿ ಇರುವ ಗಟ್ಟಿ ಅಣಬೆ ಗ್ಯಾನೊಡರ್ಮಾ. ಸುತ್ತಲಿನ ಎಲೆ, ನೆಲದ ಮೇಲೆ ಕೋಕೋ ಪುಡಿಯಂಥ ಕಂದು ಧೂಳು ಬಿದ್ದಿದ್ದರೆ ಅದು ಅದರ ಬೀಜಕಣ. ಅಣಬೆ ಕಿತ್ತು ಬಿಸಾಡಿದರೆ ಗುರುತು ಹೋಗುತ್ತದೆ, ರೋಗ ಹೋಗುವುದಿಲ್ಲ. ಒಳಗಿನ ಮತ್ತು ಬೇರಿನ ಕೊಳೆ ಅಷ್ಟರಲ್ಲಿ ಬಹಳ ಹರಡಿರುತ್ತದೆ. ನೆತ್ತಿ ಹಸಿರಾಗಿದ್ದರೂ ಸಮಾಧಾನ ಪಡಬೇಡಿ. ಹಸಿರು ತುಂಬಿದ ನೆತ್ತಿ ಗಾಳಿಯನ್ನು ಹೆಚ್ಚು ಹಿಡಿಯುತ್ತದೆ, ಬೇರು ಹಿಡಿತ ಬಿಟ್ಟಿರುತ್ತದೆ. ಕವಲಿನಿಂದ ಹುಳಿ ವಾಸನೆಯ ನೀರು ಸೋರಿ ಕಾಂಡದ ಮೇಲೆ ಕಪ್ಪು ಪಟ್ಟೆ ಮೂಡಿದ್ದರೆ ಅದು ಬಹುತೇಕ ಒದ್ದೆಮರ, ಅಂದರೆ ಕಾಂಡದ ಒಳಮರ ಬ್ಯಾಕ್ಟೀರಿಯಾದಿಂದ ನೀರುಗೂಡುವ ತೊಂದರೆ. ನೋಡಲು ಅಸಹ್ಯ, ಸಾಮಾನ್ಯವಾಗಿ ಮಾರಕವಲ್ಲ.

ಗೆದ್ದಲಿನ ಮಣ್ಣಿನ ದಾರಿಯನ್ನು ಕೆರೆದು ನೋಡಿ. ಕೆಳಗಿನ ತೊಗಟೆ ಹಸಿಯಾಗಿದ್ದರೆ ಗೆದ್ದಲು ಸತ್ತ ಹೊರಪದರವನ್ನಷ್ಟೇ ತಿನ್ನುತ್ತಿದೆ. ದಾರಿ ಪೊಟರೆಯೊಳಗೆ ಹೋಗಿದ್ದರೆ ಅಲ್ಲಿ ಕೊಳೆ ಮೊದಲೇ ಇತ್ತು. ತೂತಿನಿಂದ ಮರದ ಹಿಟ್ಟು ಉದುರುವುದು ಕೊರೆಹುಳು. ತೂತಿಗೆ ತಂತಿ ತೂರಿಸಿ ಹುಳುವನ್ನು ಕೊಂದು ಜೇಡಿಮಣ್ಣು ಮೆತ್ತಿ. ಕೊರೆಹುಳುಗಳಲ್ಲಿ ಬಹಳಷ್ಟು ಸೊರಗಿದ ಮರವನ್ನೇ ಹುಡುಕಿ ಬರುತ್ತವೆ, ಮೂಲ ಕಾರಣ ಮತ್ತೆ ನೆಲದಡಿಯ ಬೇರಿನಲ್ಲೇ ಇರುತ್ತದೆ. ಬಂದಣಿಕೆಯನ್ನು ಅದು ಅಂಟಿದ ಜಾಗಕ್ಕಿಂತ ಕನಿಷ್ಠ 30 ಸೆಂ.ಮೀ. ಕೆಳಗೆ ಕೊಂಬೆ ಸಮೇತ ಕತ್ತರಿಸಿ, ಹಣ್ಣಾಗುವ ಮೊದಲೇ. ಕವಲಿನಲ್ಲಿ ಹಕ್ಕಿ ಬಿತ್ತಿದ ಅರಳಿ, ಅತ್ತಿ ಸಸಿಯನ್ನು ಎಳೆಯದರಲ್ಲೇ ಕಿತ್ತುಬಿಡಿ. ಪಾಚಿ, ಕಲ್ಲುಹೂವು ನಿರಪಾಯ.

ಲಕ್ಷಣ: ಕೊಂಬೆ ಮುರಿಯುತ್ತಿದೆ

ಎರಡು ಸಮದಪ್ಪದ ಕವಲು ‘ಯು’ ಆಕಾರದಲ್ಲಿ ಕೂಡಿದ್ದರೆ ಬಲ ಹೆಚ್ಚು. ಇಕ್ಕಟ್ಟಾದ ‘ವಿ’ಯಲ್ಲಿ ತೊಗಟೆ ನಡುವೆ ಸಿಕ್ಕಿಕೊಂಡಿರುತ್ತದೆ, ಮರಕ್ಕೆ ಮರ ಅಂಟಿರುವುದೇ ಇಲ್ಲ. ಅಂಥ ಕವಲನ್ನು ಉಳಿಸಲು ಉಕ್ಕಿನ ಕೇಬಲ್ ಕಟ್ಟುವುದುಂಟು: ಕವಲಿನಿಂದ ನೆತ್ತಿಯವರೆಗಿನ ಎತ್ತರದ ಮೂರನೇ ಎರಡರಷ್ಟು ಮೇಲೆ. ಕಟ್ಟಿ ಮರೆತರೆ ಕಟ್ಟದ್ದಕ್ಕಿಂತ ಕೆಟ್ಟದ್ದು, ವರ್ಷಕ್ಕೊಮ್ಮೆ ತಪಾಸಣೆ ಬೇಕು.

ಹಿಂದೊಮ್ಮೆ ನೆತ್ತಿ ಬೋಳಿಸಿದ ಮರಗಳೇ ಹೆಚ್ಚಾಗಿ ಮುರಿಯುವುದು. ಬೋಳಿಸಿದ ಮೋಟಿನಿಂದ ಎದ್ದ ಚಿಗುರುಗಳು ಹೊರಪದರಕ್ಕಷ್ಟೇ ಅಂಟಿರುತ್ತವೆ, ಕೆಳಗೆ ಮೋಟು ಕೊಳೆಯುತ್ತಿರುತ್ತದೆ, ಕೆಲವೇ ವರ್ಷದಲ್ಲಿ ಚಿಗುರು ತೊಡೆಗಾತ್ರ ಆಗುತ್ತದೆ. ಭಾರ ಕಡಿಮೆ ಮಾಡುವ ಹೆಸರಿನಲ್ಲಿ ಮರಕ್ಕೆ ಮಾಡುವ ದೊಡ್ಡ ಅನ್ಯಾಯ ಇದು. ಈಗಾಗಲೇ ಬೋಳಿಸಿದ್ದರೆ ಪ್ರತಿ ಮೋಟಿನಲ್ಲಿ ಒಂದೆರಡು ಗಟ್ಟಿ ಚಿಗುರು ಉಳಿಸಿ, ಉಳಿದವನ್ನು ಎರಡು ಮೂರು ವರ್ಷಗಳಲ್ಲಿ ಹಂತವಾಗಿ ತೆಗೆಸಿ. ಒಳರೆಂಬೆಗಳನ್ನೆಲ್ಲ ಸವರಿ ತುದಿಯಲ್ಲಿ ಮಾತ್ರ ಎಲೆ ಬಿಡುವುದೂ ಅಷ್ಟೇ ತಪ್ಪು, ಭಾರವೆಲ್ಲ ತುದಿಗೆ ಹೋಗುತ್ತದೆ.

ಗಾಳಿಯಿಲ್ಲದ ಬಿಸಿ ಮಧ್ಯಾಹ್ನ ಉದ್ದನೆಯ ಅಡ್ಡ ಕೊಂಬೆ ತಾನಾಗಿ ಬೀಳುವುದುಂಟು. ಮುನ್ಸೂಚನೆ ಇರುವುದಿಲ್ಲ. ಉಪಾಯ ಒಂದೇ: ಬೆಂಚು, ಆಟದ ಜಾಗ, ಪಾರ್ಕಿಂಗ್ ಮೇಲೆ ಚಾಚಿದ ಉದ್ದ ಕೊಂಬೆಯನ್ನು ಮೊದಲೇ ಮೊಟಕು ಮಾಡುವುದು. ಮೊಟಕು ಮಾಡುವುದು ಎಂದರೆ ನಡುವೆ ತುಂಡರಿಸುವುದಲ್ಲ, ಆ ಕೊಂಬೆಯ ದಪ್ಪದ ಮೂರನೇ ಒಂದರಷ್ಟಾದರೂ ಇರುವ ಪಕ್ಕದ ರೆಂಬೆಯವರೆಗೆ ಕತ್ತರಿಸುವುದು.

ಕೊಂಬೆ ತೆಗೆಯಲು ಮೂರು ಕೊಯ್ತ. ಮೊದಲನೆಯದು ಕಾಂಡದಿಂದ 30-45 ಸೆಂ.ಮೀ. ದೂರದಲ್ಲಿ ಕೆಳಗಿನಿಂದ, ದಪ್ಪದ ಮೂರನೇ ಒಂದರಷ್ಟು. ಎರಡನೆಯದು ಅದರಿಂದ 5 ಸೆಂ.ಮೀ. ಹೊರಗೆ ಮೇಲಿನಿಂದ, ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ, ಕೊಂಬೆಯ ಬುಡದ ಉಬ್ಬಿದ ಬಳೆಯ ಹೊರಗೆ ಕತ್ತರಿಸಿ. ಬಳೆ ಸಮೇತ ಕಾಂಡಕ್ಕೆ ಸಮನಾಗಿ ಕತ್ತರಿಸಿದರೆ ಗಾಯ ಮುಚ್ಚಿಕೊಳ್ಳುವ ಅಂಗಾಂಶವೇ ಹೋಗುತ್ತದೆ. ಮುದಿ ಮರದಲ್ಲಿ ಒಂದು ವರ್ಷಕ್ಕೆ ಹಸಿರು ಭಾಗದ ಹತ್ತನೇ ಒಂದಕ್ಕಿಂತ ಹೆಚ್ಚು ತೆಗೆಯದಿರುವುದು ಒಳ್ಳೆಯದು. ಒಣಗಿದ್ದನ್ನು ಎಷ್ಟಾದರೂ ತೆಗೆಯಬಹುದು. ನೆಲದ ಮೇಲೆ ನಿಂತು ಕೈಗರಗಸಕ್ಕೆ ಎಟುಕದ ಕೊಂಬೆ ಹವ್ಯಾಸಿಯ ಕೆಲಸವಲ್ಲ.

ಅಲಂಕಾರದ ದೀಪದ ತಂತಿ, ಬೋರ್ಡಿನ ಮೊಳೆ, ಹಳೆಯ ಕಬ್ಬಿಣದ ಬೇಲಿಗೂಡು ಕಾಂಡವನ್ನು ಬಿಗಿದಿದ್ದರೆ ಕಾಣುವ ಭಾಗ ಕತ್ತರಿಸಿ ತೆಗೆಯಿರಿ. ಒಳಗೆ ಹುದುಗಿದ್ದನ್ನು ಎಳೆಯಬೇಡಿ.

ಲಕ್ಷಣ: ಬೇರು ಫುಟ್‌ಪಾತ್ ಎತ್ತಿದೆ

ಕಾಂಕ್ರೀಟಿನ ಅಡಿಯಲ್ಲಿ ತೇವವೂ ಗಾಳಿಯೂ ಸಿಗುವುದರಿಂದ ಬೇರು ಅಲ್ಲಿಗೆ ಹೋಗುತ್ತದೆ, ದಪ್ಪವಾದಾಗ ಚಪ್ಪಡಿ ಎತ್ತುತ್ತದೆ. ಬೇರನ್ನು ಮೇಲಿನಿಂದ ಕೆತ್ತಿ ಮತ್ತೆ ಕಾಂಕ್ರೀಟು ಸುರಿದರೆ ಗಾಯದಿಂದ ಕೊಳೆ ಬರುತ್ತದೆ, ಚಪ್ಪಡಿಯೂ ಮತ್ತೆ ಏಳುತ್ತದೆ. ಫುಟ್‌ಪಾತನ್ನು ಮರ ಬಳಸಿ ಬಾಗಿಸುವುದು, ಬೇರಿನ ಮೇಲೆ ಇಳಿಜಾರು ಮಾಡುವುದು, ಜಲ್ಲಿಯ ಮೇಲೆ ಬಿಡಿ ಕಲ್ಲು ಹಾಸುವುದು ಇವೇ ಉಳಿದ ದಾರಿ.

ಅಗೆತ ಅನಿವಾರ್ಯವಾದರೆ ಕಾಪಾಡಬೇಕಾದ ವಲಯದ ತ್ರಿಜ್ಯ ಕಾಂಡದ ವ್ಯಾಸದ 12 ಪಟ್ಟು: 60 ಸೆಂ.ಮೀ. ಮರಕ್ಕೆ 7.2 ಮೀಟರ್. ಅಷ್ಟು ಜಾಗ ಎಲ್ಲೂ ಸಿಗದು ಎಂದು ಗುತ್ತಿಗೆದಾರರು ಹೇಳುತ್ತಾರೆ, ನಿಜವೇ. ಆಗ ಪೈಪನ್ನು ಬೇರಿನ ಅಡಿಯಿಂದ, ನೆಲ ತೆರೆಯದೆ ಕೊರೆದು ಒಯ್ಯಲು ಕೇಳಿ. ವ್ಯಾಸದ ಮೂರು ಪಟ್ಟಿಗಿಂತ ಹತ್ತಿರ, ಅಂದರೆ 1.8 ಮೀಟರಿನೊಳಗೆ ದಪ್ಪ ಬೇರು ಕಡಿದರೆ ಸೊರಗುವುದಷ್ಟೇ ಅಲ್ಲ, ಮರ ಉರುಳುವ ಭಯ. ತೆರೆದ ಬೇರಿಗೆ ಅದೇ ದಿನ ಒದ್ದೆ ಗೋಣಿ ಹೊದಿಸಿ; ಹರಿದ ತುದಿಯನ್ನು ಹರಿತ ಗರಗಸದಲ್ಲಿ ನೇರ ಕತ್ತರಿಸಿ ಮಣ್ಣು ಮುಚ್ಚಿ.

ತೆಗೆಯಲೇಬೇಕೆ?

ದೋಷ ದೊಡ್ಡದಾಗಿದ್ದರೂ ಕೆಳಗೆ ಯಾರೂ ಓಡಾಡದ ಮೂಲೆಯಲ್ಲಿದ್ದರೆ ಮರ ಉಳಿಯಬಹುದು. ಬೆಂಚನ್ನು ಸರಿಸುವುದು ಮರ ಸರಿಸುವುದಕ್ಕಿಂತ ಸುಲಭ. ಬುಡದಲ್ಲಿ ಗ್ಯಾನೊಡರ್ಮಾ ಜೊತೆಗೆ ವಾಲುವಿಕೆ, ಅಥವಾ ಅರ್ಧಕ್ಕಿಂತ ಹೆಚ್ಚು ನೆತ್ತಿ ಸತ್ತು ಕೆಳಗೆ ರಸ್ತೆ ಇದ್ದರೆ ಕಡಿಯುವುದೇ ಸರಿ. ಕಡಿಯಲು ಸ್ಥಳೀಯ ಆಡಳಿತದ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ, ಗ್ಯಾನೊಡರ್ಮಾ ಇದ್ದಲ್ಲಿ ಹಳೆ ಬೊಡ್ಡೆ, ಬೇರು ಸಾಧ್ಯವಾದಷ್ಟು ತೆಗೆಸಿ, ಹೊಸ ಸಸಿಯನ್ನು ಆ ಗುಂಡಿಯಲ್ಲೇ ನೆಡದೆ ಕೆಲವು ಮೀಟರ್ ಪಕ್ಕಕ್ಕೆ ನೆಡಿ.

ಹಳೆ ಮರ ನಿಂತಿರುವಾಗಲೇ ನಡುನಡುವೆ ಹೊಸವನ್ನು ನೆಡಲು ಶುರುಮಾಡಿದರೆ ಬೀದಿ ಒಮ್ಮೆಗೇ ಬೋಳಾಗುವುದಿಲ್ಲ. ಜಾತಿ ಆರಿಸುವಾಗ ಅಮೆರಿಕದ ವೃಕ್ಷ ತಳಿವಿಜ್ಞಾನಿ ಫ್ರಾಂಕ್ ಸಾಂಟಮೂರ್ 1990ರಲ್ಲಿ ಸೂಚಿಸಿದ ಮಿತಿ ಉಪಯೋಗಕ್ಕೆ ಬರುತ್ತದೆ: ಒಟ್ಟು ಮರಗಳಲ್ಲಿ ಒಂದು ಪ್ರಭೇದ ಶೇ. 10, ಒಂದು ಕುಲ ಶೇ. 20, ಒಂದು ಕುಟುಂಬ ಶೇ. 30 ದಾಟಬಾರದು. ನೆಡುವಾಗ ಸಸಿಯ ಬೇರಿನ ಉಬ್ಬು ನೆಲದ ಮಟ್ಟಕ್ಕಿಂತ ಒಂದೆರಡು ಸೆಂ.ಮೀ. ಮೇಲಿರಲಿ, ಕುಂಡದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸಿ ಅಥವಾ ಕತ್ತರಿಸಿ ಗುಂಡಿಗಿಡಿ.